ಕಂಪ್ಯೂಟರ್ ಯಾಕೆ ನಿಧಾನ ಎಂದು ನೋಡಲು ಹೋದರೆ ‘ಆಕ್ಸೆಸ್ ಡಿನೈಡ್’: ತಡೆ ಎಲ್ಲಿದೆ, ಎಷ್ಟು ಅನುಮತಿ ಸಾಕು?

ಶನಿವಾರ ಸಂಜೆ, ಬಟವಾಡೆಯ ಹೊತ್ತು. ಸುಂಟಿಕೊಪ್ಪದ ಕಡೆಯ ಒಂದು ಕಾಫಿ ತೋಟದ ಆಫೀಸು. ಹೊರಗೆ ಕೆಲಸದವರು ಕೊಡೆ ಹಿಡಿದು ಸಾಲಾಗಿ ನಿಂತಿದ್ದಾರೆ. ಒಳಗೆ ಹಾಜರಿ, ಕೂಲಿ ಲೆಕ್ಕದ ಚೆಕ್‌ರೋಲ್ ಸಾಫ್ಟ್‌ವೇರ್ ಒಂದೊಂದು ಹೆಸರು ತೆರೆಯಲು ಅರ್ಧ ನಿಮಿಷ ತೆಗೆದುಕೊಳ್ಳುತ್ತಿದೆ. ತೋಟದ ಲೆಕ್ಕ ಬರೆಯುವ ರೈಟರು ನನಗೆ ಫೋನ್ ಮಾಡಿದರು. ‘ಪರ್ಫಾರ್ಮೆನ್ಸ್ ಮಾನಿಟರ್ ತೆಗೆದು ಡಿಸ್ಕ್ ಎಷ್ಟು ಬಿಜಿ ಇದೆ ನೋಡಿ’ ಎಂದೆ. ಯಂತ್ರ ಹೇಗೆ ಓಡುತ್ತಿದೆ ಎಂದು ತೋರಿಸುವ ವಿಂಡೋಸಿನದೇ ಸಾಧನ ಅದು. ಸ್ವಲ್ಪ ಹೊತ್ತು ಬಿಟ್ಟು, ‘ಸಾರ್, ಆಕ್ಸೆಸ್ ಡಿನೈಡ್ ಅಂತ ಬರ್ತಾ ಇದೆ’ ಎಂದರು.

ಒಂದಿದ್ದ ತೊಂದರೆ ಎರಡಾಯಿತು. ಯಂತ್ರ ನಿಧಾನ ಇದೆ. ಯಾಕೆ ನಿಧಾನ ಎಂದು ನೋಡಲೂ ಅದು ಬಿಡುತ್ತಿಲ್ಲ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಒಂದೇ. ರೈಟರ ಅಕೌಂಟನ್ನು ಅಡ್ಮಿನ್, ಅಂದರೆ ಯಂತ್ರದ ಯಜಮಾನ, ಮಾಡಿಬಿಡುತ್ತಾರೆ. ಎಲ್ಲವೂ ತೆರೆಯುತ್ತದೆ, ಫೋನ್ ಇಡುತ್ತಾರೆ. ಇನ್ನೊಂದು ತೋಟದಲ್ಲಿ ಹೀಗೆ ಮಾಡಿ ಬಿಟ್ಟಿದ್ದ ಯಂತ್ರವೊಂದನ್ನು ನಾನು ನೋಡಿದ್ದೇನೆ. ಯಾರೋ ಸುಮ್ನೆ ಒಂದು ಉಚಿತ ಸಾಫ್ಟ್‌ವೇರ್ ಹಾಕಿಕೊಂಡರು. ಅದರ ಜೊತೆ ಬೇರೇನೋ ಬಂತು. ಅಕೌಂಟಿಗೆ ಅಡ್ಮಿನ್ ಹಕ್ಕಿದ್ದ ಕಾರಣ ಯಾವ ತಡೆಯೂ ಇಲ್ಲದೆ ಒಳಗೆ ಇಳಿಯಿತು. ಮೂರು ವಾರದ ಕೂಲಿ ಲೆಕ್ಕವನ್ನು ಕೈಬರಹದ ಮಸ್ಟರ್ ಪುಸ್ತಕ ನೋಡಿ ಮತ್ತೆ ತುಂಬಬೇಕಾಯಿತು. ಅದಾದ ಮೇಲೆ ಅನುಮತಿಯ ತೊಂದರೆಗೆ ಅಡ್ಮಿನ್ ಹಕ್ಕನ್ನು ಉತ್ತರವಾಗಿ ಕೊಡುವುದನ್ನು ನಾನು ಪೂರ್ತಿ ನಿಲ್ಲಿಸಿದ್ದೇನೆ.

ಕೊಡಗಿನ ಅನೇಕ ತೋಟಗಳಲ್ಲಿ ಮಳೆ ಮಾಪಕ ಇರುತ್ತದೆ ಅಲ್ವಾ? ಬೆಳಿಗ್ಗೆ ಅಳೆದು, ಇಂಚು ಸೆಂಟಿನ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುತ್ತಾರೆ. ಮಾಪಕ ನೋಡುವುದು ಒಂದು ಕೆಲಸ. ಪುಸ್ತಕದಲ್ಲಿ ಬರೆಯುವುದು ಇನ್ನೊಂದು. ಈ ಎರಡಕ್ಕೂ ಬಂಗಲೆಯ ಬೀರುವಿನ ಕೀಲಿ ಬೇಕಾಗಿಲ್ಲ. ವಿಂಡೋಸ್ ಮಾಡಿದವರೂ ಹೀಗೇ ಯೋಚಿಸಿದ್ದಾರೆ. ನೋಡುವವರಿಗೆ ಒಂದು ಗುಂಪು, ಬರೆದಿಡುವವರಿಗೆ ಒಂದು ಗುಂಪು, ಯಜಮಾನರಿಗೆ ಒಂದು ಗುಂಪು ಇದೆ. ಮೊದಲ ಎರಡು ಗುಂಪು ಇವೆ ಎಂದೇ ತುಂಬ ಜನರಿಗೆ ಗೊತ್ತಿಲ್ಲ. ಈ ಬರಹದ ಹೆಚ್ಚಿನ ಭಾಗ ಅವುಗಳ ಬಗ್ಗೆಯೇ.

ಪರದೆಯ ಮೇಲೆ ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ ಕಾಣುತ್ತವೆ. ಇಲ್ಲಿ ಅವನ್ನು ಫೋನಿನಲ್ಲಿ ಓದಿ ಹೇಳುವ ಹಾಗೆ ಬರೆದಿದ್ದೇನೆ.

ಮೊದಲ ಹೆಜ್ಜೆ: ಸಂದೇಶವನ್ನು ಪೂರ್ತಿ ಓದಿ, ಫೋಟೋ ತೆಗೆಯಿರಿ

‘ಏನೋ ಎರರ್ ಬಂತು’ ಎಂದರೆ ಯಾರಿಗೂ ಏನೂ ಮಾಡಲು ಆಗದು. ಓಕೆ ಒತ್ತುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಅದರಲ್ಲಿರುವ ಸಂಖ್ಯೆಯೇ ಅರ್ಧ ಉತ್ತರ.

‘ಆಕ್ಸೆಸ್ ಈಸ್ ಡಿನೈಡ್’ ಜೊತೆಗೆ 5 ಎಂಬ ಸಂಖ್ಯೆ ಇದ್ದರೆ, ಅಥವಾ ಉದ್ದದ ಸಂಖ್ಯೆಯ ಕೊನೆ 80070005 ಎಂದಿದ್ದರೆ, ಅದು ನಿಜವಾದ ಅನುಮತಿಯ ತೊಂದರೆ. ನಿಮ್ಮ ಮಾತು ಆ ಯಂತ್ರಕ್ಕೆ ಮುಟ್ಟಿದೆ. ಅದು ಯೋಚಿಸಿ ‘ಇಲ್ಲ’ ಎಂದಿದೆ.

1722 ಎಂಬ ಸಂಖ್ಯೆ, ಅಥವಾ ‘ಆರ್‌ಪಿಸಿ ಸರ್ವರ್ ಈಸ್ ಅನ್‌ಅವೈಲಬಲ್’ ಎಂಬ ಮಾತು ಬಂದರೆ ನಿಮ್ಮ ಮಾತು ಅಲ್ಲಿಗೆ ಮುಟ್ಟಿಯೇ ಇಲ್ಲ. ಯಂತ್ರ ಆಫ್ ಆಗಿದೆ, ವೈಫೈ ಹೋಗಿದೆ, ಇಲ್ಲವೇ ನೆಟ್‌ವರ್ಕಿನ ಕಾವಲುಗಾರ ಫೈರ್‌ವಾಲ್ ತಡೆದಿದೆ. 53 ಕೂಡ ಇದೇ ಜಾತಿಯದು, ಹೆಸರು ಹಿಡಿದು ಹುಡುಕಿದ ಯಂತ್ರ ಸಿಗಲಿಲ್ಲ ಎಂದು ಅದರ ಅರ್ಥ. ಇಂಥ ಕಡೆ ಎಷ್ಟು ಅನುಮತಿ ಕೊಟ್ಟರೂ ಫಲ ಇಲ್ಲ.

ಮೂರನೆಯದು ‘ಅನೇಬಲ್ ಟು ಆಡ್ ದೀಸ್ ಕೌಂಟರ್ಸ್’. ಕೌಂಟರ್ ಎಂದರೆ ಪ್ರೊಸೆಸರ್, ಡಿಸ್ಕ್ ಮುಂತಾದವುಗಳ ಒಂದೊಂದು ಅಳತೆ. ಅವುಗಳ ಪಟ್ಟಿಯೇ ಖಾಲಿ ಕಾಣುವುದೂ ಉಂಟು. ಅಡ್ಮಿನ್ ಆಗಿ ನೋಡಿದರೂ ಹೀಗೇ ಇದ್ದರೆ ಕೌಂಟರ್‌ಗಳ ನೋಂದಣಿ ಕೆಟ್ಟಿದೆ ಎಂದು ತಿಳಿಯಿರಿ. ಕಮಾಂಡ್ ಪ್ರಾಂಪ್ಟ್, ಅಂದರೆ ಕಮಾಂಡ್ ಬರೆದು ಕೆಲಸ ಮಾಡಿಸುವ ಕಿಟಕಿಯನ್ನು ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ತೆರೆಯಿರಿ. ಎಲ್, ಓ, ಡಿ, ಸಿ, ಟಿ, ಆರ್ ಅಕ್ಷರಗಳನ್ನು ಸೇರಿಸಿ ಬರೆದು, ಒಂದು ಜಾಗ ಬಿಟ್ಟು, ಬಲಕ್ಕೆ ವಾಲಿದ ಓರೆಗೆರೆ, ಅದಕ್ಕೆ ಅಂಟಿದಂತೆ ದೊಡ್ಡಕ್ಷರದ ಆರ್ ಹಾಕಿ ಎಂಟರ್ ಒತ್ತಿ. ನೋಂದಣಿ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಆಮೇಲೆ ಒಮ್ಮೆ ಯಂತ್ರವನ್ನು ರಿಸ್ಟಾರ್ಟ್ ಮಾಡಿ.

ಉಳಿದ ಹೆಜ್ಜೆಗಳು ಮೊದಲನೆಯ ಜಾತಿಗೆ, ಅಂದರೆ 5ಕ್ಕೆ.

ಎರಡನೆಯ ಹೆಜ್ಜೆ: ನೀವು ಯಾರು ಎಂದು ಯಂತ್ರವನ್ನೇ ಕೇಳಿ

‘ನಾನೇ ಅಡ್ಮಿನ್, ನನಗ್ಯಾಕೆ ಇಲ್ಲ ಅನ್ನುತ್ತದೆ?’ ಎಂದು ಹೋಂಸ್ಟೇ ನಡೆಸುವ ಗೆಳೆಯರೊಬ್ಬರು ಕೇಳಿದ್ದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ವಿಸ್ತಾ ಎಂಬ ಹಳೆಯ ಆವೃತ್ತಿಯ ಕಾಲದಿಂದ ವಿಂಡೋಸ್, ಅಡ್ಮಿನ್ ಅಕೌಂಟಿನಲ್ಲಿ ಬಂದವರಿಗೂ ಮೊದಲಿಗೆ ಸಾಮಾನ್ಯ ಬಳಕೆದಾರರ ಹಕ್ಕನ್ನಷ್ಟೇ ಕೈಗೆ ಕೊಡುತ್ತದೆ. ಪೂರ್ತಿ ಹಕ್ಕು ಬೇಕಾದರೆ ಆಯಾ ಪ್ರೋಗ್ರಾಮನ್ನು ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆಯಬೇಕು. ಸುಮ್ನೆ ತೆರೆದ ಕಮಾಂಡ್ ಪ್ರಾಂಪ್ಟ್ ಅಥವಾ ಪವರ್‌ಶೆಲ್‌ನಿಂದ ಲಾಗ್, ಅಂದರೆ ದಾಖಲೆ, ಶುರು ಮಾಡಲು ಹೋದರೆ ಅಡ್ಮಿನ್‌ಗೂ ಆಕ್ಸೆಸ್ ಡಿನೈಡ್ ಬರುವುದು ಇದೇ ಕಾರಣಕ್ಕೆ.

ಇದನ್ನು ಕಣ್ಣಾರೆ ನೋಡಬಹುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಹೂ ಆಮ್ ಐ’ ಎಂಬ ಮೂರು ಪದಗಳನ್ನು ಜಾಗ ಬಿಡದೆ ಇಂಗ್ಲಿಷಿನಲ್ಲಿ ಬರೆಯಿರಿ. ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ ‘ಗ್ರೂಪ್ಸ್’ ಎಂದು ಸೇರಿಸಿ. ನೀವು ಈಗ ಯಾವ ಯಾವ ಗುಂಪಿನಲ್ಲಿದ್ದೀರಿ ಎಂಬ ಪಟ್ಟಿ ಬರುತ್ತದೆ. ಅಡ್ಮಿನಿಸ್ಟ್ರೇಟರ್ಸ್ ಎಂಬ ಸಾಲಿನ ಎದುರು ‘ಗ್ರೂಪ್ ಯೂಸ್ಡ್ ಫಾರ್ ಡಿನೈ ಓನ್ಲಿ’ ಎಂದಿದ್ದರೆ, ಆ ಕಿಟಕಿಯಲ್ಲಿ ನಿಮ್ಮ ಅಡ್ಮಿನ್ ಹಕ್ಕು ನಿದ್ದೆಯಲ್ಲಿದೆ ಎಂದು ಅರ್ಥ.

ಈ ಪಟ್ಟಿಯನ್ನು ಮುಂದೆ ಮತ್ತೆ ನೋಡಬೇಕಾಗುತ್ತದೆ. ಈ ಕಮಾಂಡನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಮೂರನೆಯ ಹೆಜ್ಜೆ: ನೋಡುವವರ ಗುಂಪು, ಬರೆಯುವವರ ಗುಂಪು

‘ಪರ್ಫಾರ್ಮೆನ್ಸ್ ಮಾನಿಟರ್ ಯೂಸರ್ಸ್’ ನೋಡುವವರ ಗುಂಪು. ಇದರಲ್ಲಿರುವವರು ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಹೇಗೆ ಓಡುತ್ತಿವೆ ಎಂದು ಆಯಾ ಕ್ಷಣಕ್ಕೆ ನೋಡಬಹುದು. ಅದೇ ಯಂತ್ರದಲ್ಲಿ ಕೂತೂ ನೋಡಬಹುದು, ದೂರದಿಂದಲೂ ನೋಡಬಹುದು. ದಾಖಲೆಯ ಸೆಟ್ ಮಾಡಲು ಮಾತ್ರ ಆಗದು.

‘ಪರ್ಫಾರ್ಮೆನ್ಸ್ ಲಾಗ್ ಯೂಸರ್ಸ್’ ಬರೆಯುವವರ ಗುಂಪು. ಇವರು ನೋಡುವುದರ ಜೊತೆಗೆ ‘ಡೇಟಾ ಕಲೆಕ್ಟರ್ ಸೆಟ್’, ಅಂದರೆ ಏನೇನು ಅಳೆದು ದಾಖಲಿಸಬೇಕು ಎಂಬ ಪಟ್ಟಿ, ಮಾಡಿ, ಗಂಟೆಗಟ್ಟಲೆ ಲೆಕ್ಕ ದಾಖಲಿಸಬಹುದು.

ಬಟವಾಡೆ ಹೊತ್ತಿನಲ್ಲಿ ಡಿಸ್ಕ್ ನೋಡಬೇಕು ಎನ್ನುವ ರೈಟರಿಗೆ ಮೊದಲನೆಯದು ಸಾಕು. ವಾರವಿಡೀ ದಾಖಲೆ ಇಡಬೇಕಾದವರಿಗೆ ಎರಡನೆಯದು.

ಸೇರಿಸುವುದು ಹೀಗೆ. ಅಡ್ಮಿನ್ ಅಕೌಂಟಿನಲ್ಲಿ ಬನ್ನಿ. ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಬಂದ ಪೆಟ್ಟಿಗೆಯಲ್ಲಿ ಎಲ್, ಯು, ಎಸ್, ಆರ್, ಎಂ, ಜಿ, ಆರ್, ಆಮೇಲೆ ಚುಕ್ಕೆ, ಎಂ, ಎಸ್, ಸಿ ಎಂದು ಬರೆಯಿರಿ. ಎಡಗಡೆ ‘ಗ್ರೂಪ್ಸ್’ ಒತ್ತಿ, ಬಲಗಡೆ ಬೇಕಾದ ಗುಂಪಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, ‘ಆಡ್’ ಒತ್ತಿ, ಹೆಸರು ಬರೆದು ‘ಚೆಕ್ ನೇಮ್ಸ್’ ಕೊಡಿ. ಹೆಸರಿನ ಕೆಳಗೆ ಗೆರೆ ಬಂದರೆ ಸರಿ. ಓಕೆ ಕೊಟ್ಟು ಹೊರಬನ್ನಿ.

ವಿಂಡೋಸ್ ಹೋಂ ಆವೃತ್ತಿಯಲ್ಲಿ ಈ ಕಿಟಕಿ ತೆರೆಯುವುದಿಲ್ಲ. ನಮ್ಮ ಕಡೆ ಅಂಗಡಿಯಿಂದ ತಂದ ಲ್ಯಾಪ್‌ಟಾಪ್‌ಗಳಲ್ಲಿ ಹೋಂ ಆವೃತ್ತಿಯೇ ಜಾಸ್ತಿ ಕಾಣುತ್ತೇನೆ. ಗುಂಪುಗಳು ಅದರಲ್ಲೂ ಇವೆ, ಕಿಟಕಿ ಮಾತ್ರ ಇಲ್ಲ. ಅಡ್ಮಿನ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್’, ಜಾಗ, ‘ಲೋಕಲ್‌ಗ್ರೂಪ್’, ಜಾಗ, ಎರಡು ಗೆರೆಯ ಉದ್ಧರಣ ಚಿಹ್ನೆಗಳ ಒಳಗೆ ಗುಂಪಿನ ಪೂರ್ತಿ ಹೆಸರು, ಜಾಗ, ಬಳಕೆದಾರರ ಹೆಸರು, ಜಾಗ, ಕೊನೆಗೆ ಓರೆಗೆರೆ ಮತ್ತು ‘ಆಡ್’. ಉದ್ಧರಣ ಚಿಹ್ನೆ ಮರೆತರೆ ಗುಂಪಿನ ಹೆಸರಿನ ಮೊದಲ ಪದವನ್ನು ಮಾತ್ರ ಅದು ಹೆಸರೆಂದು ತಿಳಿಯುತ್ತದೆ, ಕಮಾಂಡ್ ನಡೆಯುವುದಿಲ್ಲ.

ಇನ್ನು ಅತಿ ಮುಖ್ಯ ಮಾತು. ಸೇರಿಸಿದ ಕೂಡಲೇ ಏನೂ ಬದಲಾಗುವುದಿಲ್ಲ. ಆ ಬಳಕೆದಾರರು ಸೈನ್ ಔಟ್ ಆಗಿ ಮತ್ತೆ ಒಳಬರಬೇಕು. ಪರದೆ ಲಾಕ್ ಮಾಡಿ ತೆರೆದರೆ ಸಾಲದು. ಒಳಬರುವಾಗಲೇ ವಿಂಡೋಸ್ ‘ಇವರು ಇಂತಿಂಥ ಗುಂಪಿನವರು’ ಎಂದು ಒಂದು ಚೀಟಿ ಬರೆದುಕೊಡುತ್ತದೆ. ಹೊರಗೆ ಹೋಗುವ ತನಕ ಅದೇ ಹಳೆಯ ಚೀಟಿ ನಡೆಯುತ್ತದೆ. ಸರಿಯಾಗಿ ಅನುಮತಿ ಕೊಟ್ಟೂ ‘ಆಗಲಿಲ್ಲ’ ಎಂದು ಜನ ಅಡ್ಮಿನ್ ಹಕ್ಕಿನ ಕಡೆ ತಿರುಗುವುದು ಈ ಒಂದು ಕ್ಷಣದಲ್ಲಿ. ಸೈನ್ ಔಟ್ ಆಗಿ ಬಂದ ಮೇಲೆ, ಎರಡನೆಯ ಹೆಜ್ಜೆಯ ಪಟ್ಟಿಯನ್ನು ಮತ್ತೆ ತೆಗೆದು ಹೊಸ ಗುಂಪಿನ ಹೆಸರು ಕಾಣುತ್ತದೆಯೇ ನೋಡಿ. ಕಂಡರೆ ಮಾತ್ರ ಮುಂದೆ ಹೋಗಿ.

‘ರಿಸೋರ್ಸ್ ಮಾನಿಟರ್’ ಎಂಬ ಇನ್ನೊಂದು ಕಿಟಕಿ ಇದೆ. ಅದಕ್ಕೆ ಅಡ್ಮಿನ್ ಹಕ್ಕೇ ಬೇಕು, ಈ ಗುಂಪುಗಳು ಸಾಲವು. ಅದು ತೆರೆಯಲಿಲ್ಲ ಎಂದು ಗುಂಪಿನ ಮೇಲೆ ಅನುಮಾನ ಪಡಬೇಡಿ.

ನಾಲ್ಕನೆಯ ಹೆಜ್ಜೆ: ನೋಡಲು ಆಗುತ್ತದೆ, ದಾಖಲೆ ಶುರುವಾಗುತ್ತಿಲ್ಲ

ಬಟವಾಡೆ ದಿನದ ನಿಧಾನವನ್ನು ಹಿಡಿಯಲು ಆ ಹೊತ್ತಿನಲ್ಲಿ ಯಾರೋ ಕೂತು ನೋಡುವುದು ಆಗುವ ಮಾತಲ್ಲ. ದಾಖಲೆ ಬೇಕು. ಪರ್ಫಾರ್ಮೆನ್ಸ್ ಮಾನಿಟರ್ ಒಳಗೆ ‘ಡೇಟಾ ಕಲೆಕ್ಟರ್ ಸೆಟ್ಸ್’, ಅದರೊಳಗೆ ‘ಯೂಸರ್ ಡಿಫೈನ್ಡ್’. ಬಲ ಕ್ಲಿಕ್ ಮಾಡಿ ‘ನ್ಯೂ’, ‘ಕ್ರಿಯೇಟ್ ಮ್ಯಾನುಯಲಿ’, ‘ಪರ್ಫಾರ್ಮೆನ್ಸ್ ಕೌಂಟರ್’. ನಾನು ಸಾಮಾನ್ಯವಾಗಿ ಹಾಕುವ ಕೌಂಟರ್‌ಗಳು ನಾಲ್ಕೇ: ಪ್ರೊಸೆಸರ್ ಎಷ್ಟು ಶೇಕಡಾ ಬಳಕೆಯಲ್ಲಿದೆ, ಎಷ್ಟು ಮೆಮೊರಿ ಉಳಿದಿದೆ, ಡಿಸ್ಕ್‌ನಲ್ಲಿ ಒಂದು ಸಲ ಓದಲು ಎಷ್ಟು ಸೆಕೆಂಡು, ಒಂದು ಸಲ ಬರೆಯಲು ಎಷ್ಟು ಸೆಕೆಂಡು. 15 ಸೆಕೆಂಡಿಗೊಮ್ಮೆ ಅಳೆದರೆ ಧಾರಾಳವಾಯಿತು.

ಆಕ್ಸೆಸ್ ಡಿನೈಡ್ ಬರುವ ಜಾಗಗಳು ಇಲ್ಲಿ ಹಲವು. ನಾನು ನೋಡುವ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ‘ರನ್ ಆಸ್’ ನೋಡಿ. ಸೆಟ್ ಮಾಡುವಾಗ ಕೊನೆಯಲ್ಲಿ ಈ ಸಾಲು ಬರುತ್ತದೆ. ‘ಡಿಫಾಲ್ಟ್’ ಎಂದು ಬಿಟ್ಟರೆ ಸೆಟ್ ಸಿಸ್ಟಂ ಅಕೌಂಟಿನ, ಅಂದರೆ ವಿಂಡೋಸ್ ತನ್ನ ಕೆಲಸಕ್ಕೆಂದೇ ಇಟ್ಟುಕೊಂಡ ಅಕೌಂಟಿನ, ಹೆಸರಿನಲ್ಲಿ ಓಡಲು ನೋಡುತ್ತದೆ. ಲಾಗ್ ಗುಂಪಿನವರಿಗೆ ಆ ಹೆಸರು ಬಳಸುವ ಹಕ್ಕಿಲ್ಲ. ಅವರು ‘ಚೇಂಜ್’ ಒತ್ತಿ ತಮ್ಮದೇ ಹೆಸರು, ಪಾಸ್‌ವರ್ಡ್ ಕೊಡಬೇಕು.

ಆಮೇಲೆ ಪಾಸ್‌ವರ್ಡ್. ತೋಟದ ಆಫೀಸಿನಲ್ಲಿ ‘ನಾವು ನಾಲ್ಕೇ ಜನ’ ಎಂದು ಪಾಸ್‌ವರ್ಡ್ ಇಡದೆ ಬಿಟ್ಟಿರುತ್ತಾರೆ. ಖಾಲಿ ಪಾಸ್‌ವರ್ಡ್ ಇರುವ ಅಕೌಂಟು ಯಂತ್ರದ ಎದುರು ಕೂತು ಒಳಬರುವುದಕ್ಕೆ ಮಾತ್ರ ನಡೆಯುತ್ತದೆ. ಹಿನ್ನೆಲೆಯ ಕೆಲಸಕ್ಕೂ ನಡೆಯುವುದಿಲ್ಲ, ದೂರದಿಂದ ಬರುವುದಕ್ಕೂ ನಡೆಯುವುದಿಲ್ಲ. ವಿಂಡೋಸ್ ಬೇಕೆಂದೇ ಹಾಗೆ ಇಟ್ಟಿದೆ, ಅದು ಒಳ್ಳೆಯದೇ. ಪಾಸ್‌ವರ್ಡ್ ಇಡಿ, ತೊಂದರೆ ಹೋಗುತ್ತದೆ.

ಮೂರನೆಯದು ‘ಲಾಗ್ ಆನ್ ಆಸ್ ಎ ಬ್ಯಾಚ್ ಜಾಬ್’ ಎಂಬ ಹಕ್ಕು. ಎದುರಿಗೆ ಕೂರದೆ ಹಿನ್ನೆಲೆಯಲ್ಲಿ ಕೆಲಸ ನಡೆಸಲು ಇದು ಬೇಕು. ಲಾಗ್ ಗುಂಪಿಗೆ ಸಾಮಾನ್ಯವಾಗಿ ಮೊದಲೇ ಇರುತ್ತದೆ. ದೊಡ್ಡ ಕಚೇರಿಯ ಡೊಮೇನ್‌ಗೆ, ಅಂದರೆ ಎಲ್ಲ ಯಂತ್ರಗಳ ಅಕೌಂಟು, ನಿಯಮಗಳನ್ನು ಒಂದೇ ಕಡೆಯಿಂದ ನಡೆಸುವ ವ್ಯವಸ್ಥೆಗೆ, ಸೇರಿದ ಯಂತ್ರವಾದರೆ ಮೇಲಿನವರ ನಿಯಮ ಅದನ್ನು ಕಿತ್ತು ಹಾಕಿರಬಹುದು. ಎಸ್, ಇ, ಸಿ, ಪಿ, ಓ, ಎಲ್, ಚುಕ್ಕೆ, ಎಂ, ಎಸ್, ಸಿ ಎಂದು ಬರೆದು ತೆರೆಯಿರಿ. ‘ಲೋಕಲ್ ಪಾಲಿಸೀಸ್’, ಅದರೊಳಗೆ ‘ಯೂಸರ್ ರೈಟ್ಸ್ ಅಸೈನ್‌ಮೆಂಟ್’. ಇದೇ ಪಟ್ಟಿಯಲ್ಲಿ ‘ಡಿನೈ ಲಾಗ್ ಆನ್ ಆಸ್ ಎ ಬ್ಯಾಚ್ ಜಾಬ್’ ಎಂಬ ಸಾಲೂ ಇದೆ. ಅದರಲ್ಲಿ ಹೆಸರಿದ್ದರೆ ಮೊದಲನೆಯದು ಇದ್ದೂ ಇಲ್ಲದ ಹಾಗೆ. ಎರಡನ್ನೂ ನೋಡಿ. ಈ ಕಿಟಕಿಯೂ ಹೋಂ ಆವೃತ್ತಿಯಲ್ಲಿ ಇಲ್ಲ.

ನಾಲ್ಕನೆಯದು ಕಡತ ಬೀಳುವ ಜಾಗ. ಸಿ ಡ್ರೈವಿನ ‘ಪರ್ಫ್‌ಲಾಗ್ಸ್’ ಫೋಲ್ಡರ್ ಇದಕ್ಕೆಂದೇ ಇದೆ. ಕೆಲವರು ಬೇರೆಯವರ ಡೆಸ್ಕ್‌ಟಾಪ್‌ಗೆ ತಿರುಗಿಸುತ್ತಾರೆ, ಕೆಲವರು ನೆಟ್‌ವರ್ಕಿನ ಇನ್ನೊಂದು ಯಂತ್ರದ ಫೋಲ್ಡರಿಗೆ. ಸೆಟ್ ಯಾರ ಹೆಸರಿನಲ್ಲಿ ಓಡುತ್ತದೋ ಅವರಿಗೆ ಆ ಫೋಲ್ಡರಿನಲ್ಲಿ ಬರೆಯುವ ಹಕ್ಕಿರಬೇಕು. ಸಿಸ್ಟಂ ಅಕೌಂಟು ತನ್ನ ಯಂತ್ರದಲ್ಲಿ ಎಷ್ಟೇ ದೊಡ್ಡದಿರಲಿ, ಡೊಮೇನ್ ಇಲ್ಲದ ಕಡೆ ಪಕ್ಕದ ಯಂತ್ರಕ್ಕೆ ಅದರ ಗುರುತೇ ಇಲ್ಲ. ಆ ಯಂತ್ರದಲ್ಲೇ ದಾಖಲಿಸಿ, ಆಮೇಲೆ ನಕಲು ಮಾಡಿಕೊಳ್ಳುವುದು ಸುಲಭ.

ಇಷ್ಟಾದರೂ ಆಗದಿದ್ದರೆ, ಸೆಟ್ಟಿನಲ್ಲಿ ವಿಂಡೋಸಿನ ಒಳಗಿನ ಚಲನವಲನ ದಾಖಲಿಸುವ ‘ವಿಂಡೋಸ್ ಕರ್ನಲ್ ಟ್ರೇಸ್’ ಸೇರಿದೆಯೇ ನೋಡಿ. ಅದನ್ನು ಲಾಗ್ ಗುಂಪಿನವರು ಬಳಸುವ ಹಾಗಿಲ್ಲ. ತೆಗೆದುಹಾಕಿ. ಯಂತ್ರ ನಿಧಾನ ಏಕೆಂದು ತಿಳಿಯಲು ಕೌಂಟರ್‌ಗಳೇ ಸಾಕು.

ನಮ್ಮ ಊರಿಗೆಂದೇ ಇನ್ನೊಂದು ಮಾತು. ಜುಲೈ, ಆಗಸ್ಟಿನ ಕಕ್ಕಡದ ಮಳೆಗೆ ಮರ ಬಿದ್ದು ಕರೆಂಟ್ ಹೋಗುವುದು ಮಾಮೂಲು. ಯುಪಿಎಸ್ ಮುಗಿದು ಯಂತ್ರ ಆಫ್ ಆದರೆ ನೀವು ಶುರು ಮಾಡಿದ ಸೆಟ್ ಕರೆಂಟ್ ಬಂದ ಮೇಲೆ ತಾನಾಗಿ ಎದ್ದುಕೊಳ್ಳುವುದಿಲ್ಲ. ಮೂರು ದಿನ ಬಿಟ್ಟು ನೋಡಿದರೆ ದಾಖಲೆ ಅರ್ಧಕ್ಕೆ ನಿಂತಿರುತ್ತದೆ. ಅನುಮತಿ ತಪ್ಪಿತು ಎಂದು ಗಾಬರಿಯಾಗಬೇಡಿ. ಸೆಟ್‌ನ ಪ್ರಾಪರ್ಟೀಸ್‌ನಲ್ಲಿ ‘ಶೆಡ್ಯೂಲ್’ ಎಂಬಲ್ಲಿ ಒಂದು ಸಮಯ ಹಾಕಿ. ಆಮೇಲೆ ಅಡ್ಮಿನ್ ಆಗಿ ‘ಟಾಸ್ಕ್ ಶೆಡ್ಯೂಲರ್’ ತೆರೆದು, ಮೈಕ್ರೋಸಾಫ್ಟ್, ವಿಂಡೋಸ್, ಪಿಎಲ್‌ಎ ಎಂಬ ದಾರಿಯಲ್ಲಿ ಹೋಗಿ. ನಿಮ್ಮ ಸೆಟ್ ಹೆಸರಿನ ಟಾಸ್ಕ್ ಅಲ್ಲಿ ಇರುತ್ತದೆ. ಅದಕ್ಕೆ ‘ಅಟ್ ಸ್ಟಾರ್ಟಪ್’ ಎಂಬ ಟ್ರಿಗರ್ ಸೇರಿಸಿ.

ಐದನೆಯ ಹೆಜ್ಜೆ: ದೂರದಿಂದ ನೋಡುವಾಗ

ಬಂಗಲೆಯಲ್ಲಿ ಕೂತು ಆಫೀಸಿನ ಯಂತ್ರ ನೋಡಬೇಕು, ಅಥವಾ ಆಫೀಸಿನಿಂದ ಪಲ್ಪಿಂಗ್ ಶೆಡ್ಡಿನ ಯಂತ್ರ ನೋಡಬೇಕು. ಎರಡೂ ಒಂದೇ ನೆಟ್‌ವರ್ಕಿನಲ್ಲಿವೆ ಎಂದುಕೊಳ್ಳೋಣ. ಕೌಂಟರ್ ಸೇರಿಸುವ ಕಿಟಕಿಯಲ್ಲಿ ಇನ್ನೊಂದು ಯಂತ್ರದ ಹೆಸರು ಕೊಡುತ್ತೀರಿ. ಆಕ್ಸೆಸ್ ಡಿನೈಡ್.

ಡೊಮೇನ್ ಇಲ್ಲದ ಸಣ್ಣ ಆಫೀಸಿನಲ್ಲಿ ಆ ಯಂತ್ರಕ್ಕೆ ನೀವು ಯಾರೆಂದು ಗೊತ್ತಿಲ್ಲ. ಅದಕ್ಕೇ ಎರಡೂ ಯಂತ್ರಗಳಲ್ಲಿ ಒಂದೇ ಹೆಸರಿನ, ಒಂದೇ ಪಾಸ್‌ವರ್ಡಿನ ಲೋಕಲ್ ಅಕೌಂಟ್ ಮಾಡಿ. ನೋಡುವುದಕ್ಕೆಂದೇ ಬೇರೆ ಅಕೌಂಟ್ ಇಟ್ಟರೆ ಮನಸ್ಸಿಗೆ ನೆಮ್ಮದಿ. ನೋಡಬೇಕಾದ ಯಂತ್ರದಲ್ಲಿ ಅದನ್ನು ಮಾನಿಟರ್ ಯೂಸರ್ಸ್ ಗುಂಪಿಗೆ ಸೇರಿಸಿ. ನಿಮ್ಮ ಯಂತ್ರದಲ್ಲಿ ಆ ಅಕೌಂಟಿನಿಂದಲೇ ಒಳಬಂದು ನೋಡಿ. ನೆನಪಿರಲಿ, ನಾಲ್ಕಂಕಿಯ ಪಿನ್ ಆಯಾ ಯಂತ್ರಕ್ಕೆ ಮಾತ್ರ. ದೂರದ ಯಂತ್ರ ಕೇಳುವುದು ಪಾಸ್‌ವರ್ಡ್.

ಮುಂದೆ, ನೋಡಬೇಕಾದ ಯಂತ್ರದಲ್ಲಿ ‘ಸರ್ವಿಸಸ್’ ತೆರೆದು ‘ರಿಮೋಟ್ ರಿಜಿಸ್ಟ್ರಿ’ ಓಡುತ್ತಿದೆಯೇ ನೋಡಿ. ದೂರದ ಕೌಂಟರ್‌ಗಳು ಈ ಸೇವೆಯ ಮೂಲಕವೇ ಬರುತ್ತವೆ. ವಿಂಡೋಸ್ 10, 11ರಲ್ಲಿ ಇದನ್ನು ‘ಡಿಸೇಬಲ್ಡ್’ ಎಂದೇ ಇಟ್ಟಿರುತ್ತಾರೆ. ‘ಮ್ಯಾನುಯಲ್’ ಮಾಡಿ, ಬೇಕಾದಾಗ ಶುರು ಮಾಡಿ, ಕೆಲಸ ಮುಗಿದ ಮೇಲೆ ನಿಲ್ಲಿಸಿ. ಫೈರ್‌ವಾಲಿನಲ್ಲಿ ‘ಪರ್ಫಾರ್ಮೆನ್ಸ್ ಲಾಗ್ಸ್ ಅಂಡ್ ಅಲರ್ಟ್ಸ್’ ಮತ್ತು ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ ಎರಡಕ್ಕೂ ‘ಪ್ರೈವೇಟ್’ ನೆಟ್‌ವರ್ಕಿಗೆ ಮಾತ್ರ ದಾರಿ ಕೊಡಿ. ಆಫೀಸಿನ ವೈಫೈ ‘ಪಬ್ಲಿಕ್’ ಎಂದು ಗುರುತಾಗಿದ್ದರೆ ಈ ದಾರಿ ತೆರೆಯುವುದಿಲ್ಲ.

ಅಡ್ಮಿನ್ ಹೆಸರು, ಪಾಸ್‌ವರ್ಡ್ ಸರಿ ಕೊಟ್ಟರೂ ದೂರದಿಂದ 5 ಬರುವುದುಂಟು. ಡೊಮೇನ್ ಇಲ್ಲದ ಕಡೆ, ಲೋಕಲ್ ಅಡ್ಮಿನ್ ದೂರದಿಂದ ಬಂದರೆ ವಿಂಡೋಸ್ ಅವರ ಅಡ್ಮಿನ್ ಹಕ್ಕನ್ನು ಬಾಗಿಲಲ್ಲೇ ಕಳಚಿ ಇಡುತ್ತದೆ. ಇದನ್ನು ತೆಗೆಯಲು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸಿನ ಸೆಟ್ಟಿಂಗ್‌ಗಳ ಭಂಡಾರದಲ್ಲಿ, ‘ಲೋಕಲ್ ಅಕೌಂಟ್ ಟೋಕನ್ ಫಿಲ್ಟರ್ ಪಾಲಿಸಿ’ಯನ್ನು 1 ಮಾಡಿ ಎಂದು ಎಷ್ಟೋ ಕಡೆ ಹೇಳುತ್ತಾರೆ. ನಾನು ಹೇಳುವುದಿಲ್ಲ. ಹಾಗೆ ಮಾಡಿದರೆ ನೆಟ್‌ವರ್ಕಿನಲ್ಲಿ ಒಂದು ಯಂತ್ರಕ್ಕೆ ಹತ್ತಿದ ರೋಗ, ಅದೇ ಪಾಸ್‌ವರ್ಡ್ ಹಿಡಿದು ಉಳಿದ ಯಂತ್ರಗಳಿಗೆ ಪೂರ್ತಿ ಹಕ್ಕಿನಿಂದ ನುಗ್ಗಬಹುದು. ಮಾನಿಟರ್ ಗುಂಪಿಗೆ ಅಡ್ಮಿನ್ ಹಕ್ಕೇ ಬೇಡದಿರುವಾಗ ಈ ಬಾಗಿಲು ಯಾಕೆ ತೆಗೆಯಬೇಕು?

ಮಡಿಕೇರಿಯಲ್ಲಿ ಕೂತು ವಿರಾಜಪೇಟೆಯ ಯಂತ್ರ ನೋಡಬೇಕೆಂದು ರೂಟರಿನಲ್ಲಿ 135, 445 ಪೋರ್ಟ್‌ಗಳನ್ನು, ಅಂದರೆ ಈ ಕೆಲಸದ ನೆಟ್‌ವರ್ಕ್ ಬಾಗಿಲುಗಳನ್ನು, ಇಂಟರ್ನೆಟ್ಟಿಗೆ ತೆರೆಯಬೇಡಿ. ಯಾವ ಕಾರಣಕ್ಕೂ ಬೇಡ. ವಿಪಿಎನ್, ಅಂದರೆ ಇಂಟರ್ನೆಟ್ಟಿನ ಒಳಗೇ ನಿಮ್ಮವರಿಗಷ್ಟೇ ಇರುವ ಮುಚ್ಚಿದ ದಾರಿ, ಇದ್ದರೆ ಅದರ ಮೂಲಕ ಹೋಗಿ.

ವಿಪಿಎನ್ ಇಲ್ಲ, ಮಳೆಗೆ ನೆಟ್ ನಿಲ್ಲುತ್ತಿಲ್ಲ ಎಂದರೆ ನನ್ನ ದಾರಿ ಬೇರೆ. ಆ ಯಂತ್ರದಲ್ಲೇ ದಾಖಲಾದ ಕಡತವನ್ನು ನೆಟ್ ಸಿಕ್ಕ ಹೊತ್ತಿನಲ್ಲಿ ಮೇಲ್ ಮಾಡಿಸಿಕೊಳ್ಳುತ್ತೇನೆ. ಮುಗಿದ ದಾಖಲೆಯ ಕಡತವನ್ನು ತೆರೆದು ನೋಡಲು ಯಾವ ಗುಂಪೂ ಬೇಡ. ಸಾಮಾನ್ಯ ಬಳಕೆದಾರರೇ ತಮ್ಮ ಮನೆಯ ಯಂತ್ರದ ಪರ್ಫಾರ್ಮೆನ್ಸ್ ಮಾನಿಟರಿನಲ್ಲಿ ಅದನ್ನು ನೋಡಬಹುದು.

ಆ ತೋಟದ ಆಫೀಸಿನಿಂದಲೂ ಹಾಗೆಯೇ ತರಿಸಿದೆ. ಒಂದು ಸಲ ಬರೆಯಲು ಡಿಸ್ಕ್ ತೆಗೆದುಕೊಳ್ಳುವ ಸಮಯ ಬೆಳಗಿಡೀ 0.010 ಸೆಕೆಂಡಿನ ಆಸುಪಾಸು ಇತ್ತು. ಸಂಜೆ 5ಕ್ಕೆ ಒಮ್ಮೆಲೇ ಏರಿ, ಎರಡು ಗಂಟೆ ಮೇಲೇ ನಿಂತಿತ್ತು. ಈ ಅಂಕಿ 0.025 ದಾಟಿ ನಿಂತರೆ ಡಿಸ್ಕ್ ಸುಸ್ತಾಗಿದೆ ಎಂದೇ ತಿಳಿಯಬೇಕು. ಸಂಜೆ 5ಕ್ಕೆ ಬ್ಯಾಕಪ್ ಶುರುವಾಗುತ್ತಿತ್ತು. ಸಿಸಿಟಿವಿ ರೆಕಾರ್ಡಿಂಗ್ ಕೂಡ ಅದೇ ಹಾರ್ಡ್ ಡಿಸ್ಕಿಗೆ ಬೀಳುತ್ತಿತ್ತು. ಬ್ಯಾಕಪ್ಪನ್ನು ರಾತ್ರಿ 9ಕ್ಕೆ ತಳ್ಳಿದೆವು, ಸಿಸಿಟಿವಿಗೆ ಬೇರೆ ಡಿಸ್ಕ್ ಹಾಕಿದೆವು. ಮುಂದಿನ ಶನಿವಾರ ಬಟವಾಡೆ ಕತ್ತಲಾಗುವ ಮೊದಲೇ ಮುಗಿಯಿತು.

ಲಿನಕ್ಸ್ ಇದ್ದರೆ

ಕೆಲವು ಹೋಂಸ್ಟೇಗಳಲ್ಲಿ, ಸಣ್ಣ ಕಚೇರಿಗಳಲ್ಲಿ ವಿಂಡೋಸ್ ಬದಲು ಲಿನಕ್ಸಿನ ಒಂದು ಬಗೆಯಾದ ಉಬುಂಟು ಹಾಕಿದ ಯಂತ್ರವೊಂದು ಮೂಲೆಯಲ್ಲಿ ಓಡುತ್ತಿರುತ್ತದೆ. ಅಲ್ಲಿ ‘ಇಲ್ಲ’ ಎನ್ನುವುದಕ್ಕೆ ಎರಡು ಬೇರೆ ಮಾತುಗಳಿವೆ, ಎರಡನ್ನೂ ಒಂದೇ ಎಂದುಕೊಳ್ಳಬಾರದು. ‘ಪರ್ಮಿಷನ್ ಡಿನೈಡ್’, ಅಂದರೆ ಸಂಖ್ಯೆ 13, ಬಂದರೆ ಹೆಚ್ಚಿನ ಸಲ ಕಡತ ಅಥವಾ ಫೋಲ್ಡರಿನ ಹಕ್ಕು ಸಾಲದು. ‘ಆಪರೇಷನ್ ನಾಟ್ ಪರ್ಮಿಟೆಡ್’, ಅಂದರೆ ಸಂಖ್ಯೆ 1, ಬಂದರೆ ಆ ಕೆಲಸ ಮಾಡುವ ವಿಶೇಷ ಹಕ್ಕೇ ನಿಮಗಿಲ್ಲ. ಎರಡನೆಯದಕ್ಕೆ ಕಡತದ ಹಕ್ಕು ಬದಲಿಸಿ ಪ್ರಯೋಜನ ಇಲ್ಲ. ಕಡತಕ್ಕೆ 777 ಎಂಬ ಹಕ್ಕು ಕೊಡುವ ಅಭ್ಯಾಸವನ್ನಂತೂ ಬಿಟ್ಟೇಬಿಡಿ. ಅದು ಎಲ್ಲರಿಗೂ ಎಲ್ಲವನ್ನೂ ತೆರೆದಿಟ್ಟ ಹಾಗೆ.

ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ‘ಟಾಪ್’ನಲ್ಲಿ ನಿಮ್ಮವು ಮಾತ್ರ ಕಾಣುತ್ತಿವೆ, ಬೇರೆಯವರದ್ದು ಮಾಯ. ಎರರ್ ಏನೂ ಇಲ್ಲ. ಪ್ರೋಗ್ರಾಂಗಳ ವಿವರ ಕೊಡುವ ಪ್ರಾಕ್ ಎಂಬ ವ್ಯವಸ್ಥೆಯನ್ನು ‘ಹೈಡ್‌ಪಿಡ್’ ಆಯ್ಕೆಯ ಜೊತೆ ಜೋಡಿಸಿದಾಗ ಹೀಗಾಗುತ್ತದೆ. ಸದ್ದಿಲ್ಲದ ತಡೆ ಇದು. ಲೆಕ್ಕ ಸರಿ ಇದೆ ಎಂದು ನಂಬಿ ತಪ್ಪು ತೀರ್ಮಾನಕ್ಕೆ ಬರುವ ಅಪಾಯ ಇದರಲ್ಲೇ ಜಾಸ್ತಿ.

ಪ್ರೋಗ್ರಾಂಗಳ ಓಟ ಅಳೆಯುವ ‘ಪರ್ಫ್’ ಸಾಧನ ಓಡಿಸಲು ಹೋಗಿ ತಡೆ ಬಂದರೆ, ಸಂದೇಶದಲ್ಲೇ ‘ಪರ್ಫ್ ಈವೆಂಟ್ ಪ್ಯಾರನಾಯ್ಡ್’ ಎಂಬ ಹೆಸರು ಕಾಣುತ್ತದೆ. ಅದೊಂದು ಅಂಕಿ. ದೊಡ್ಡದಾದಷ್ಟೂ ಬಿಗಿ. ಲಿನಕ್ಸಿನ ತಿರುಳಾದ ಕರ್ನಲ್ ತಾನಾಗಿ ಇಡುವುದು 2, ಉಬುಂಟು ಅದಕ್ಕಿಂತ ಬಿಗಿಯಾಗಿ ಇಡುತ್ತದೆ. 2ಕ್ಕೆ ಇಳಿಸಿದರೆ ನಿಮ್ಮ ಸ್ವಂತ ಪ್ರೋಗ್ರಾಮನ್ನು ಅಳೆಯಬಹುದು. ಮೈನಸ್ 1 ಮಾಡಬೇಡಿ. ಸುಡೊ (ಲಿನಕ್ಸಿನ ಯಜಮಾನ ಅಕೌಂಟಾದ ರೂಟ್‌ನ ಹಕ್ಕಿನಿಂದ ಕಮಾಂಡ್ ಓಡಿಸುವ ದಾರಿ) ಜೊತೆ ‘ಸಿಸ್‌ಸಿಟಿಎಲ್’ನಿಂದ ಬದಲಿಸಿದ ಅಂಕಿ ಯಂತ್ರ ಮತ್ತೆ ಶುರುವಾಗುವ ತನಕ ಮಾತ್ರ ಇರುತ್ತದೆ. ತಾತ್ಕಾಲಿಕ ಪರೀಕ್ಷೆಗೆ ಅದೇ ಒಳ್ಳೆಯದು. 2020ರಲ್ಲಿ ಬಂದ 5.8 ಕರ್ನಲ್‌ನಿಂದ ‘ಕ್ಯಾಪ್ ಪರ್ಫ್‌ಮಾನ್’ ಎಂಬ ಪ್ರತ್ಯೇಕ ಹಕ್ಕು ಇದೆ. ಅಳೆಯುವುದಕ್ಕೆಂದೇ ಮಾಡಿದ ಹಕ್ಕು. ರೂಟ್ ಪೂರ್ತಿ ಕೊಡುವ ಬದಲು ಅಳೆಯುವ ಸಾಧನಕ್ಕೆ ಇದೊಂದನ್ನೇ ಕೊಡಬಹುದು.

ಸಿಸ್ಟಂ ಲಾಗ್ ಓದಲು ‘ಜರ್ನಲ್‌ಸಿಟಿಎಲ್’ ಪೂರ್ತಿ ತೋರಿಸದಿದ್ದರೆ ‘ಸಿಸ್ಟಂಡಿ ಜರ್ನಲ್’ ಅಥವಾ ‘ಎಡಿಎಂ’ ಗುಂಪಿಗೆ ಸೇರಿಸಿದರೆ ಸಾಕು. ಇಲ್ಲೂ ಹೊರಹೋಗಿ ಮತ್ತೆ ಒಳಬರಬೇಕು. ‘ಐಡಿ’ ಎಂದು ಬರೆದರೆ ಈಗ ಯಾವ ಗುಂಪುಗಳಲ್ಲಿದ್ದೀರಿ ಎಂದು ಗೊತ್ತಾಗುತ್ತದೆ. ಪ್ರೊಸೆಸರ್ ಎಷ್ಟು ವಿದ್ಯುತ್ ತಿನ್ನುತ್ತಿದೆ ಎಂಬ ಅಂಕಿ ಮೊದಲು ಎಲ್ಲರಿಗೂ ಸಿಗುತ್ತಿತ್ತು, ಈಗ ರೂಟ್‌ಗೆ ಮಾತ್ರ. ಆ ಅಂಕಿಯ ಏರಿಳಿತದಿಂದಲೇ ಗುಟ್ಟಿನ ಕೀಲಿಗಳನ್ನು ಊಹಿಸಬಹುದು ಎಂದು 2020ರ ನವೆಂಬರಿನಲ್ಲಿ ಸಂಶೋಧಕರು ತೋರಿಸಿದ ಮೇಲೆ ಹೀಗೆ ಮುಚ್ಚಿದರು. ಬರೀ ನೋಡುವುದರಿಂದ ಏನು ತೊಂದರೆ ಎಂದು ಕೇಳುವವರಿಗೆ ನಾನು ಕೊಡುವ ಉದಾಹರಣೆ ಇದೇ.

ಕೆಲಸ ಮುಗಿದ ಮೇಲೆ

ಕೊಟ್ಟಿದ್ದನ್ನು ಹಿಂದೆ ತೆಗೆದುಕೊಳ್ಳಿ. ರಿಮೋಟ್ ರಿಜಿಸ್ಟ್ರಿ ನಿಲ್ಲಿಸಿ. ದಾಖಲೆ ಸಾಕಾಗಿದ್ದರೆ ಸೆಟ್ ನಿಲ್ಲಿಸಿ, ಅದರ ಟಾಸ್ಕನ್ನೂ ಅಳಿಸಿ. ಇಲ್ಲದಿದ್ದರೆ ಸದ್ದಿಲ್ಲದೆ ಸಿ ಡ್ರೈವ್ ತುಂಬುತ್ತಾ ಹೋಗುತ್ತದೆ. ಲಾಗ್ ಗುಂಪಿನಿಂದ ಹೆಸರು ತೆಗೆಯಿರಿ. ರೈಟರಿಗೆ ಮುಂದೆಯೂ ನೋಡುವ ಅಗತ್ಯ ಇದ್ದರೆ ಮಾನಿಟರ್ ಗುಂಪಿನಲ್ಲಿ ಬಿಡಬಹುದು. ಯಾರಿಗೆ, ಯಾವ ದಿನ, ಯಾವ ಅನುಮತಿ ಕೊಟ್ಟಿರಿ, ಯಾವಾಗ ತೆಗೆದಿರಿ ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ಆ ತೋಟದಲ್ಲಿ ರೈಟರು ಅದನ್ನು ಮಳೆ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆಯುತ್ತಾರೆ. ಇನ್ನೊಮ್ಮೆ 5 ಬಂದಾಗ ನಾನು ಮೊದಲು ಕೇಳುವುದು ಆ ಪುಟದ ಫೋಟೋ.